ಕೊಳೆರೋಗದ ಸಾಧನ ಹಿಡಿದು ಚಿಲಿಗೆ ಹೋಗಬೇಕೇ?

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನವನು. ಅಡಿಕೆ ಗೊನೆಯ ಮೇಲೆ ಎಷ್ಟು ಗಂಟೆ ತೇವ ನಿಂತಿತ್ತು ಎಂಬುದನ್ನು ಅಳೆದು, ಕೊಳೆರೋಗ ತಗಲುವ ಸಂಭವವಿದ್ದರೆ ಮೊಬೈಲ್‌ಗೆ ಎಚ್ಚರಿಕೆ ಕಳಿಸುವ ಸಾಧನವೊಂದನ್ನು ಗೆಳೆಯನ ಜೊತೆ ಸೇರಿ ಮಾಡಿದ್ದೇನೆ. ಎರಡು ಮಳೆಗಾಲ ಹದಿನೆಂಟು ತೋಟಗಳಲ್ಲಿ ಇಟ್ಟು ನೋಡಿದ್ದೇವೆ, ಕಂಪನಿಯನ್ನೂ ನೋಂದಾಯಿಸಿದ್ದೇವೆ. ಚಿಲಿ ದೇಶದ ಸರಕಾರ ನಡೆಸುವ ‘ಸ್ಟಾರ್ಟ್‌ಅಪ್ ಚಿಲಿ’ ಎಂಬ, ಹೊಸ ಕಂಪನಿಗಳಿಗೆ ದುಡ್ಡು ಮತ್ತು ಮಾರ್ಗದರ್ಶನ ಕೊಟ್ಟು ಬೆಳೆಸುವ ಆಕ್ಸಿಲರೇಟರ್‌ಗೆ ಅರ್ಜಿ ಹಾಕಿ, ಅದಕ್ಕೂ ಮುನ್ನ ಒಮ್ಮೆ ಹೋಗಿ ನೋಡಿ ಬನ್ನಿ ಎಂದು ಬೆಂಗಳೂರಿನ ಸಲಹೆಗಾರರೊಬ್ಬರು ಹೇಳುತ್ತಿದ್ದಾರೆ. ‘ಅಷ್ಟು ದುಡ್ಡು ಸುರಿದು ಕಟ್ಟಡ ನೋಡಿ ಬರುವುದೇ?’ ಎಂದು ಅಪ್ಪಯ್ಯ ಕೇಳುತ್ತಾರೆ. ಹೋಗಬೇಕೇ? ಹೋದರೆ ಏನು ನೋಡಬೇಕು, ಏನು ಒಯ್ಯಬೇಕು? ಇಬ್ಬರೂ ಹೋಗಬೇಕೇ?

ಉತ್ತರ: ನಿಮ್ಮ ಅಪ್ಪಯ್ಯನವರ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಕಟ್ಟಡ ನೋಡುವುದಕ್ಕೆ ಹೋಗುವುದಾದರೆ ಖಂಡಿತ ಬೇಡ. ಉದ್ದನೆಯ ಮೇಜು, ಬಣ್ಣದ ಕುರ್ಚಿ, ಕಾಫಿ ಯಂತ್ರ, ಗೋಡೆಯ ಮೇಲೆ ದೊಡ್ಡಕ್ಷರದ ಘೋಷಣೆ ಎಲ್ಲ ದೇಶಗಳಲ್ಲೂ ಒಂದೇ ತೆರನಾಗಿರುತ್ತವೆ. ಆದರೆ ಅರ್ಜಿಗೆ ಮುನ್ನ ಹೋಗಿ ಬನ್ನಿ ಎಂಬ ಸಲಹೆ ತಪ್ಪಲ್ಲ. ಸರಕಾರದ ದುಡ್ಡಿನ ಬೆನ್ನಿಗೆ ಯಾವಾಗಲೂ ಒಂದು ಕರಾರು ಇರುತ್ತದೆ. ಅದರಲ್ಲಿ ಅರ್ಧ ಷರತ್ತು ಪತ್ರದಲ್ಲಿ ಬರೆದಿರುತ್ತದೆ, ಇನ್ನರ್ಧ ಅಲ್ಲಿಗೆ ಹೋದವರಿಗೇ ತಿಳಿಯುವುದು. ಆ ಇನ್ನರ್ಧವನ್ನು ಓದಿ ಬರುವುದೇ ನಿಮ್ಮ ಭೇಟಿಯ ಕೆಲಸ.

ಖಾಸಗಿ ಹೂಡಿಕೆದಾರ ದುಡ್ಡು ಕೊಟ್ಟರೆ ಕಂಪನಿಯಲ್ಲಿ ಪಾಲು ಕೇಳುತ್ತಾನೆ, ಅವನ ಲೆಕ್ಕ ನೇರವಾದದ್ದು. ಸರಕಾರ ಪಾಲು ಕೇಳದೆ ಕೊಡುತ್ತದೆ ಎಂದರೆ ಅದಕ್ಕೆ ಬೇಕಾದದ್ದು ಬೇರೇನೋ ಇದೆ ಎಂದರ್ಥ. ಚಿಲಿಗೆ ಬೇಕಾದದ್ದು ಏನು ಎಂಬುದು ಅದರ ಇತಿಹಾಸದಲ್ಲೇ ಇದೆ. ಸ್ಟಾರ್ಟ್‌ಅಪ್ ಚಿಲಿಯನ್ನು ನಡೆಸುವುದು ‘ಕೋರ್ಫೊ’ ಎಂಬ ಸರಕಾರಿ ಅಭಿವೃದ್ಧಿ ಸಂಸ್ಥೆ. ಅದು ಹುಟ್ಟಿದ್ದು 1939ರಲ್ಲಿ, ಚಿಯ್ಯಾನ್ ಪ್ರದೇಶವನ್ನು ನೆಲಸಮ ಮಾಡಿದ ಭೂಕಂಪದ ಬೆನ್ನಿಗೆ. ನಮ್ಮ ಶಿವಮೊಗ್ಗದ ಮ್ಯಾಮ್ಕೋಸ್ ಹುಟ್ಟಿದ್ದೂ ಅದೇ 1939ರಲ್ಲಿ. ಒಂದು ಅಡಿಕೆ ಬೆಳೆಗಾರರ ಸಹಕಾರ ಸಂಘ, ಇನ್ನೊಂದು ಇಡೀ ದೇಶದ ಕೈಗಾರಿಕೆಗೆ ತಳಪಾಯ ಹಾಕಲು ಹುಟ್ಟಿದ ಸಂಸ್ಥೆ. ಮೊದಲ ದಶಕಗಳಲ್ಲಿ ಕೋರ್ಫೊ ವಿದ್ಯುತ್ ಕಂಪನಿ ಕಟ್ಟಿತು, ಉಕ್ಕಿನ ಕಾರ್ಖಾನೆ ಕಟ್ಟಿತು. ಭದ್ರಾವತಿಯ ಕುಲುಮೆ ನೋಡಿ ಬೆಳೆದ ನಮಗೆ ಇದು ಅಪರಿಚಿತವೇನಲ್ಲ.

ಅದೇ ಸಂಸ್ಥೆ 2010ರಲ್ಲಿ ಹೊಸ ದಾರಿ ಹಿಡಿಯಿತು. ಹೊರದೇಶಗಳ ತರುಣ ಉದ್ಯಮಿಗಳನ್ನು ಕರೆದು, ತಂಡಕ್ಕೆ 40,000 ಡಾಲರ್‌ವರೆಗೆ ಸಹಾಯಧನ ಮತ್ತು ಒಂದು ವರ್ಷದ ವೀಸಾ ಕೊಟ್ಟು, ಆರು ತಿಂಗಳು ನಮ್ಮ ನೆಲದಲ್ಲಿ ನಿಂತು ಕೆಲಸ ಮಾಡಿ ಎಂದಿತು. ಮೊದಲ ಸುತ್ತಿನಲ್ಲಿ ಬಂದದ್ದು 22 ತಂಡ. ಪಾಲು ಕೇಳಲಿಲ್ಲ. ಬದಲಿಗೆ ಕಾಲೇಜುಗಳಲ್ಲಿ ಮಾತನಾಡಬೇಕು, ಸ್ಥಳೀಯ ತರುಣರಿಗೆ ಕಾರ್ಯಾಗಾರ ನಡೆಸಬೇಕು, ಅಲ್ಲಿನವರ ಜೊತೆ ಬೆರೆಯಬೇಕು. ಇದಕ್ಕೆಲ್ಲ ಅಂಕಗಳ ಲೆಕ್ಕವಿತ್ತು. ಸೋತರೆ ಮುಖ ತೋರಿಸುವಂತಿಲ್ಲ ಎಂದು ಹೆದರುವ ಸಮಾಜದಲ್ಲಿ ಹೊಸ ಉದ್ಯಮಕ್ಕೆ ಕೈ ಹಾಕುವ ಧೈರ್ಯ ಮೂಡಲಿ ಎಂಬುದು ಆ ಸರಕಾರದ ಆಸೆ. ಹೊರಗಿನವರು ಬಂದದ್ದು ಅದಕ್ಕೆ ಹೆಪ್ಪಾಗಿ.

ಹೆಪ್ಪು ಎಷ್ಟರಮಟ್ಟಿಗೆ ಹಿಡಿಯಿತು ಎಂಬ ಚರ್ಚೆ ಅಲ್ಲಿ ಬಹಳ ನಡೆದಿದೆ. ಅವಧಿ ಮುಗಿದ ಮೇಲೆ ಹೊರದೇಶದ ತಂಡಗಳಲ್ಲಿ ಬಹುಪಾಲು ಗಂಟುಮೂಟೆ ಕಟ್ಟಿದವು ಎಂಬುದು ದೊಡ್ಡ ಟೀಕೆಯಾಯಿತು. ನಂತರದ ವರ್ಷಗಳಲ್ಲಿ ಯೋಜನೆ ಹಂತಗಳಾಗಿ ಒಡೆಯಿತು. ಈಗಿನ ಹೆಸರುಗಳು ಬಿಲ್ಡ್, ಇಗ್ನೈಟ್, ಗ್ರೋತ್. ಚಿಲಿಯಲ್ಲಿ ಕಂಪನಿ ತೆರೆಯುವುದಕ್ಕೆ, ಅಲ್ಲೇ ವ್ಯಾಪಾರ ಬೆಳೆಸುವುದಕ್ಕೆ ಮೊದಲಿಗಿಂತ ಹೆಚ್ಚು ತೂಕ ಬಂದಿದೆ. ಪ್ರತಿ ಸುತ್ತಿನ ಮೊತ್ತ ಮತ್ತು ಷರತ್ತು ‘ಬಾಸೆಸ್’ ಎಂಬ ಸ್ಪ್ಯಾನಿಷ್ ದಸ್ತಾವೇಜಿನಲ್ಲಿ ಇರುತ್ತವೆ. ಅದನ್ನು ಮೂಲದಲ್ಲೇ, ಸ್ಪ್ಯಾನಿಷ್ ಬಲ್ಲವರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸಾಲು ಸಾಲಾಗಿ ಓದಿ. ಇಂಗ್ಲಿಷಿನ ಪ್ರಚಾರ ಪುಟವನ್ನು ನಂಬಿ ಹೊರಟವರು ಅಲ್ಲಿಗೆ ಹೋದ ಮೇಲೆ ಪೇಚಾಡಿದ್ದನ್ನು ಬಲ್ಲೆ.

ಈಗ ನಿಮ್ಮ ಸಾಧನಕ್ಕೆ ಬರುತ್ತೇನೆ. ನನ್ನ ಮುಖ್ಯ ಮಾತು ಇರುವುದು ಇಲ್ಲೇ.

ರಾಜಧಾನಿ ಸ್ಯಾಂಟಿಯಾಗೊದಲ್ಲಿ ಆಕ್ಸಿಲರೇಟರ್ ಇದೆ, ನಿಮ್ಮ ರೋಗ ಇಲ್ಲ. ಅದು ಒಣ ಬೇಸಿಗೆಯ ಊರು. ಅಲ್ಲಿ ವರ್ಷವಿಡೀ ಬೀಳುವ ಮಳೆಯನ್ನು ಆಗುಂಬೆ ಜುಲೈ ತಿಂಗಳ ಕೆಲವೇ ದಿನಗಳಲ್ಲಿ ಸುರಿಸಿಬಿಡುತ್ತದೆ. ಸುತ್ತಲಿನ ಕಣಿವೆಗಳಲ್ಲಿ ದ್ರಾಕ್ಷಿ ತೋಟಗಳಿವೆ, ಬೂದು ಬೂಸಲು ರೋಗದ ಕಾಟವೂ ಇದೆ. ಆದರೆ ದ್ರಾಕ್ಷಿಯವರಿಗೆ ತೇವ ಅಳೆಯುವ ಸಾಧನ ಮಾರುವ ಕಂಪನಿಗಳು ಪ್ರಪಂಚದಲ್ಲಿ ಹೇರಳವಾಗಿವೆ. ಆ ಸಾಲಿನಲ್ಲಿ ನೀವು ಕೊನೆಯವರಾಗಿ ನಿಲ್ಲಬೇಕಾಗುತ್ತದೆ.

ಕೊಳೆರೋಗ ತರುವುದು ಫೈಟೊಫ್ತೊರಾ ಕುಲದ ಜೀವಿ ಎಂಬುದು ನಿಮಗೆ ಗೊತ್ತಿದೆ. ಅದರ ದಾಯಾದಿಯೇ ಆಲೂಗಡ್ಡೆಯ ಅಂಗಮಾರಿಗೆ ಕಾರಣ. 1845ರಿಂದ ಐರ್ಲೆಂಡನ್ನು ಹಸಿವಿಗೆ ತಳ್ಳಿದ್ದು ಅದೇ. ಚಿಲಿಯ ಆಲೂಗಡ್ಡೆ ಬೆಳೆಯುವುದು ದಕ್ಷಿಣದಲ್ಲಿ, ಸ್ಯಾಂಟಿಯಾಗೊದಿಂದ ಸುಮಾರು 900 ಕಿಲೋಮೀಟರ್ ದೂರದ ಒಸೋರ್ನೊ ಕಡೆಗೆ. ಹಸಿರು ಗುಡ್ಡ, ಬಿಡದ ಮಳೆ, ಮಂಜು, ಹಸುಗಳು. ಅಲ್ಲಿಗೆ ಹೋದರೆ ನಿಮಗೆ ಹೊಸನಗರದ ನೆನಪಾದೀತು. ‘ಇನಿಯಾ’ ಎಂಬ ಸರಕಾರಿ ಕೃಷಿ ಸಂಶೋಧನಾ ಸಂಸ್ಥೆಯ ರೆಮೆಹುವೆ ಕೇಂದ್ರ ಒಸೋರ್ನೊ ಬಳಿಯೇ ಇದೆ. ಹವಾಮಾನದ ಅಂಕಿಗಳನ್ನು ಆಧರಿಸಿ ಅಂಗಮಾರಿಯ ಮುನ್ನೆಚ್ಚರಿಕೆ ಕೊಡುವ ವ್ಯವಸ್ಥೆಯನ್ನು ಈ ಸಂಸ್ಥೆ ರೈತರಿಗಾಗಿ ನಡೆಸುತ್ತದೆ. ಅಂದರೆ ‘ತೇವದ ಗಂಟೆ ಎಣಿಸಿ ಔಷಧಿ ಹೊಡೆಯಬೇಕು’ ಎಂಬ ಮಾತನ್ನು ಅಲ್ಲಿ ನೀವು ಯಾರಿಗೂ ಮೊದಲಿನಿಂದ ವಿವರಿಸಬೇಕಾಗಿಲ್ಲ. ಆ ಪ್ರದೇಶದ ಹವಾಮಾನ ಕೇಂದ್ರದ ಅಂಕಿಗೂ ರೈತನ ಸ್ವಂತ ಹೊಲದ ಅಂಕಿಗೂ ಇರುವ ಅಂತರವನ್ನು ನಿಮ್ಮ ಅಗ್ಗದ ಪೆಟ್ಟಿಗೆ ತುಂಬಬಲ್ಲದೇ ಎಂಬುದಷ್ಟೇ ಪ್ರಶ್ನೆ. ಅದಕ್ಕೆ ಉತ್ತರ ಸಿಗುವುದು ಸ್ಯಾಂಟಿಯಾಗೊದ ಮೇಜುಗಳ ಮುಂದೆ ಅಲ್ಲ. ಆದ್ದರಿಂದ ಹತ್ತು ದಿನದ ಪ್ರವಾಸವಾದರೆ ಮೂರು ದಿನ ಆಕ್ಸಿಲರೇಟರ್‌ಗೆ, ಐದು ದಿನ ದಕ್ಷಿಣಕ್ಕೆ ಇಡಿ. ಸ್ಯಾಂಟಿಯಾಗೊದಿಂದ ರಾತ್ರಿ ಮಲಗಿಕೊಂಡು ಹೋಗುವ ಬಸ್ಸುಗಳಿವೆ.

ಆದರೆ ಅದಕ್ಕೂ ಮೊದಲು ಹಾಸನಕ್ಕೆ ಹೋಗಿ. ಮನಸ್ಸಿಟ್ಟು ಹೇಳುತ್ತಿದ್ದೇನೆ. ಮುಂಗಾರಿನಲ್ಲಿ ಹಾಸನದ ಆಲೂಗಡ್ಡೆ ಹೊಲಗಳನ್ನು ಇದೇ ಅಂಗಮಾರಿ ಕಾಡುತ್ತದೆ. ತೀರ್ಥಹಳ್ಳಿಯಿಂದ ಬೆಳಿಗ್ಗೆ ಬಸ್ಸು ಹತ್ತಿದರೆ ಮಧ್ಯಾಹ್ನಕ್ಕೆ ಅಲ್ಲಿರುತ್ತೀರಿ. ನಾಲ್ಕು ಹೊಲಗಳಲ್ಲಿ ಸಾಧನ ನೆಡಿ. ಎರಡು ದಿನ ಸತತವಾಗಿ ಉಷ್ಣಾಂಶ 10 ಡಿಗ್ರಿಗಿಂತ ಇಳಿಯದೆ, ಪ್ರತಿದಿನ ಕನಿಷ್ಠ ಆರು ಗಂಟೆ ಗಾಳಿಯ ತೇವ ಶೇಕಡ 90 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಅಂಗಮಾರಿಯ ಅಪಾಯ ಎಂಬ ಹಟ್ಟನ್ ಸೂತ್ರ ಬ್ರಿಟನ್ನಿನಲ್ಲಿ ಬಳಕೆಯಲ್ಲಿದೆ. ನಮ್ಮ ಮುಂಗಾರಿನಲ್ಲಿ ಆ ಲೆಕ್ಕ ದಿನಾ ‘ಅಪಾಯ’ ಎಂದೇ ಹೇಳೀತು. ದಿನಾ ಕೂಗುವ ಎಚ್ಚರಿಕೆಯಿಂದ ರೈತನಿಗೆ ಪ್ರಯೋಜನವಿಲ್ಲ. ಯಾವ ದಿನದ ತೇವ ನಿಜಕ್ಕೂ ರೋಗ ಹಚ್ಚಿತು ಎಂದು ಬೇರ್ಪಡಿಸಿ ತೋರಿಸುವುದರಲ್ಲೇ ನಿಮ್ಮ ಸಾಧನದ ಬೆಲೆ ಇದೆ. ಹಾಸನದ ಒಂದು ಹಂಗಾಮಿನ ಅಂಕಿ ಕೈಯಲ್ಲಿದ್ದರೆ ಒಸೋರ್ನೊದಲ್ಲಿ ನಿಮ್ಮನ್ನು ಕುರ್ಚಿ ಎಳೆದು ಕೂರಿಸುತ್ತಾರೆ. ಅಡಿಕೆಯ ಅಂಕಿ ಮಾತ್ರ ಇದ್ದರೆ, ಅಡಿಕೆ ಎಂದರೇನು ಎಂದು ಹೇಳುವಷ್ಟರಲ್ಲಿ ಅರ್ಧ ಗಂಟೆ ಕಳೆದುಹೋಗುತ್ತದೆ.

ಬೆಳೆ ಬೇರೆಯಾದರೂ ಮದ್ದು ದಾಟಿ ಬರುವುದು ನಮ್ಮ ಮಲೆನಾಡಿಗೆ ಹೊಸದಲ್ಲ. ಬೋರ್ಡೋ ದ್ರಾವಣ 1880ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿಗಾಗಿ ಹುಟ್ಟಿದ್ದು. ಅದನ್ನು ನಮ್ಮ ಕೊಳೆರೋಗಕ್ಕೆ ಹೊಂದಿಸಿ ತೋರಿಸಿದ್ದು ಮೈಸೂರು ಸಂಸ್ಥಾನದ ಕೆಲಸಕ್ಕೆ ಬಂದಿದ್ದ ಕೆನಡಾದ ಲೆಸ್ಲಿ ಕೋಲ್ಮನ್, 1910ರ ಆಸುಪಾಸಿನಲ್ಲಿ. ಅವರನ್ನೂ ಒಂದು ಸರಕಾರವೇ ಸಂಬಳ ಕೊಟ್ಟು ಕರೆಸಿಕೊಂಡಿತ್ತು. ನೂರು ವರ್ಷ ಕಳೆದರೂ ತೋಟದಲ್ಲಿ ಮೈಲುತುತ್ತ ಮತ್ತು ಸುಣ್ಣ ಕಲಸುತ್ತಲೇ ಇದ್ದೇವೆ. ನಿಮ್ಮ ಪೆಟ್ಟಿಗೆ ಈಗ ಎದುರು ದಿಕ್ಕಿನಲ್ಲಿ ಹೊರಟಿದೆ, ನನಗೆ ಇದರಲ್ಲಿ ತುಂಬ ಸಂತೋಷವಿದೆ.

ಆಕ್ಸಿಲರೇಟರ್‌ನಲ್ಲಿ ಕಳೆಯುವ ಮೂರು ದಿನದ ಬಗ್ಗೆ ಹೇಳುತ್ತೇನೆ. ಬೋರ್ಡೋ ಹದವಾಗಿದೆಯೇ ಎಂದು ನಿಮ್ಮ ಮನೆಯಲ್ಲಿ ಹೇಗೆ ನೋಡುತ್ತಾರೆ ನೆನಪಿಸಿಕೊಳ್ಳಿ. ಚೆನ್ನಾಗಿ ಉಜ್ಜಿದ ಕತ್ತಿಯ ಅಲಗನ್ನು ಡ್ರಮ್ಮಿನೊಳಗೆ ಅದ್ದಿ, ಸ್ವಲ್ಪ ಹೊತ್ತು ಬಿಟ್ಟು ಎತ್ತುತ್ತಾರೆ. ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಸುಣ್ಣ ಸಾಲದು, ಹೊಡೆದರೆ ಗೊನೆ ಸುಡುತ್ತದೆ. ಹದವಾದದ್ದೂ ಹದ ತಪ್ಪಿದ್ದೂ ಕಣ್ಣಿಗೆ ಒಂದೇ ನೀಲಿ. ಅಧಿಕಾರಿಗಳು ತೋರಿಸುವ ಪರದೆಯ ಚಿತ್ರಗಳೂ ಹಾಗೆಯೇ, ನೋಡಿ ಹದ ತಿಳಿಯುವುದಿಲ್ಲ. ಅಲಗು ಅದ್ದಬೇಕಾದದ್ದು ಈಗಾಗಲೇ ಅಲ್ಲಿ ಇದ್ದು ಹೋದ ತಂಡಗಳೊಳಗೆ.

ಕೆಲವು ವರ್ಷಗಳ ಹಿಂದೆ ಬೇರೊಂದು ದೇಶದ ಇಂಥದೇ ಸರಕಾರಿ ಕೇಂದ್ರಕ್ಕೆ ಶಿವಮೊಗ್ಗದ ಇಬ್ಬರು ಹುಡುಗರನ್ನು ಕರೆದುಕೊಂಡು ಹೋಗಿದ್ದೆ. ಮೂರು ದಿನವೂ ನಮ್ಮನ್ನು ಅಧಿಕಾರಿಗಳೇ ಸುತ್ತಾಡಿಸಿದರು, ಊಟ ಹಾಕಿಸಿದರು, ನಾವು ಸಂತೋಷದಿಂದ ತಲೆಯಾಡಿಸಿದೆವು. ಹೊರಡುವ ಸಂಜೆ ಲಿಫ್ಟಿನಲ್ಲಿ ಸಿಕ್ಕ ಹೆಣ್ಣುಮಗಳೊಬ್ಬಳು, ಆ ಯೋಜನೆಯಲ್ಲೇ ಇದ್ದವಳು, ಮಂಜೂರಾದ ಹಣ ಬರುವುದನ್ನೇ ಕಾಯುತ್ತ ನಾಲ್ಕು ತಿಂಗಳಿಂದ ಸಾಲ ಮಾಡಿ ಬಾಡಿಗೆ ಕಟ್ಟುತ್ತಿದ್ದೇನೆ ಎಂದಳು. ಎಂಟು ಮಹಡಿ ಇಳಿಯುವಷ್ಟು ಹೊತ್ತಿನ ಆ ಮಾತು ಮೂರು ದಿನದ ಭೇಟಿಗಿಂತ ಹೆಚ್ಚು ತಿಳಿಸಿತು. ಅಂದಿನಿಂದ ನಾನು ಹೋಗುವವರಿಗೆಲ್ಲ ಹೇಳುವುದು ಒಂದೇ: ಹಳೆಯ ತಂಡಗಳವರನ್ನು ಕಚೇರಿಯ ಹೊರಗೆ, ಅಧಿಕಾರಿಗಳಿಲ್ಲದಾಗ ಭೇಟಿ ಮಾಡಿ. ಊರಿಂದ ಹೊರಡುವ ಒಂದು ತಿಂಗಳು ಮೊದಲೇ ಐದಾರು ಮಂದಿಗೆ ಬರೆದು ಹೊತ್ತು ಗೊತ್ತುಮಾಡಿಕೊಳ್ಳಿ. ಅಲ್ಲೇ ನೆಲೆ ನಿಂತವರು ಇಬ್ಬರಿದ್ದರೆ, ಬಿಟ್ಟುಹೋದವರು ಮೂವರಿರಲಿ. ಬಿಟ್ಟುಹೋದವರ ಜೊತೆ ಫೋನಿನಲ್ಲಾದರೂ ಮಾತನಾಡಿ.

ಅವರನ್ನು ‘ಹೇಗಿತ್ತು?’ ಎಂದು ಕೇಳಬೇಡಿ, ಚೆನ್ನಾಗಿತ್ತು ಎನ್ನುತ್ತಾರೆ. ಮೊದಲ ಬಿಲ್ ಸಲ್ಲಿಸಿದ್ದು ಯಾವ ದಿನ, ದುಡ್ಡು ಖಾತೆಗೆ ಬಂದದ್ದು ಯಾವ ದಿನ ಎಂದು ಕೇಳಿ. ಮೊದಲ ಗಿರಾಕಿಯನ್ನು ಯಾರು ಪರಿಚಯಿಸಿದರು, ಆಕ್ಸಿಲರೇಟರ್‌ನವರೋ ತಾವೇ ಹುಡುಕಿಕೊಂಡರೋ? ವಾರಕ್ಕೆ ಎಷ್ಟು ಗಂಟೆ ಕಾಗದಪತ್ರಕ್ಕೆ ಹೋಯಿತು? ಸಭೆಗಳು ಯಾವ ಭಾಷೆಯಲ್ಲಿ ನಡೆದವು? ಈ ಕೊನೆಯದು ನಿಮಗೆ ಬಹಳ ಮುಖ್ಯ. ಆಕ್ಸಿಲರೇಟರ್ ಇಂಗ್ಲಿಷಿನಲ್ಲಿ ಮಾತನಾಡಬಹುದು, ಆಲೂಗಡ್ಡೆ ರೈತ ಮಾತನಾಡುವುದಿಲ್ಲ. ಅಲ್ಲಿ ಆಲೂಗಡ್ಡೆಗೆ ‘ಪಾಪಾ’ ಎನ್ನುತ್ತಾರೆ, ಅಂಗಮಾರಿಗೆ ‘ಟಿಸೋನ್ ತಾರ್ದಿಯೊ’. ಇವೆರಡು ಪದ ಬಾಯಲ್ಲಿದ್ದರೆ ಆರಂಭಕ್ಕೆ ಸಾಕು, ಮುಂದೆ ವಾಲ್ಡಿವಿಯದ ಆಸ್ಟ್ರಲ್ ವಿಶ್ವವಿದ್ಯಾಲಯದ ಕೃಷಿ ವಿದ್ಯಾರ್ಥಿಯೊಬ್ಬರನ್ನು ದಿನಗೂಲಿ ಕೊಟ್ಟು ದುಭಾಷಿಯಾಗಿ ಕರೆದೊಯ್ಯಿರಿ. ಅದೇ ವಿಶ್ವವಿದ್ಯಾಲಯದಲ್ಲಿ ಒಂದು ಗಂಟೆ ಕೊಳೆರೋಗದ ಬಗ್ಗೆ ಮಾತನಾಡುತ್ತೇನೆ ಎಂದು ಮೊದಲೇ ಬರೆದು ಕೇಳಿ. ಆ ಸರಕಾರ ಪಾಲಿನ ಬದಲು ಕೇಳುವುದು ಇಂಥದ್ದನ್ನೇ, ಅರ್ಜಿಗೆ ಮುನ್ನವೇ ಮಾಡಿ ತೋರಿಸಿದಂತಾಗುತ್ತದೆ.

ಹಣದ ಲೆಕ್ಕದಲ್ಲಿ ಮೈಮರೆಯಬೇಡಿ. ಆರಂಭದ ವರ್ಷಗಳಲ್ಲಿ ಅಲ್ಲಿ ಮೊದಲು ನಾವೇ ಖರ್ಚು ಮಾಡಿ, ರಸೀದಿ ಕೊಟ್ಟು, ಆಮೇಲೆ ಹಣ ಪಡೆಯುವ ಪದ್ಧತಿಯಿತ್ತು. ಈಗ ನಿಮ್ಮ ಸುತ್ತಿಗೆ ಯಾವ ಪದ್ಧತಿ ಎಂಬುದನ್ನು ಬಾಸೆಸ್ ಹೇಳುತ್ತದೆ. ಮುಂಗಡ ಸಿಕ್ಕರೂ ಖರ್ಚಿನ ಲೆಕ್ಕ ಒಪ್ಪಿಸುವುದು ತಪ್ಪದು, ಅದಕ್ಕೆ ‘ರೆಂದಿಸಿಯೋನ್’ ಎನ್ನುತ್ತಾರೆ. ಅಲ್ಲಿ ‘ಬೊಲೇತಾ’ ಬೇರೆ, ‘ಫಾಕ್ತೂರಾ’ ಬೇರೆ. ನಮ್ಮಲ್ಲಿ ಅಂಗಡಿಯ ಸಾದಾ ರಸೀದಿಗೂ ಜಿಎಸ್‌ಟಿ ಬಿಲ್ಲಿಗೂ ಇರುವ ವ್ಯತ್ಯಾಸದ ಹಾಗೆ. ಯಾವ ಖರ್ಚಿಗೆ ಯಾವುದು ಬೇಕು ಎಂಬುದನ್ನು ಹಳೆಯ ತಂಡವೊಂದರ ಲೆಕ್ಕ ನೋಡಿಕೊಂಡವರ ಪಕ್ಕದಲ್ಲಿ ಕುಳಿತು, ಅವರು ಸಲ್ಲಿಸಿದ ಕಡತವನ್ನೇ ತೆರೆಸಿ ನೋಡಿ.

ಚಿಲಿಯಲ್ಲಿ ಕಂಪನಿ ತೆರೆಯುವುದು ಸುಲಭ. 2013ರಿಂದ ಒಂದೇ ದಿನದಲ್ಲಿ ಆನ್‌ಲೈನ್ ನೋಂದಣಿಯ ವ್ಯವಸ್ಥೆ ಬಂದಿದೆ. ತೊಡಕು ಇರುವುದು ನಮ್ಮ ಕಡೆ. ಭಾರತದ ನಿವಾಸಿಯಾದ ನೀವು ಅಲ್ಲಿನ ಕಂಪನಿಯಲ್ಲಿ ಪಾಲು ಹೊಂದಿದರೆ, ಮೊತ್ತ ಎಷ್ಟೇ ಚಿಕ್ಕದಾದರೂ, ಅದು ವಿದೇಶಿ ವಿನಿಮಯದ ಫೆಮಾ ಕಾನೂನಿನ ಪ್ರಕಾರ ಭಾರತದಿಂದ ಹೊರದೇಶಕ್ಕೆ ಮಾಡಿದ ನೇರ ಹೂಡಿಕೆ. ಬ್ಯಾಂಕಿನ ಮೂಲಕ ಮೊದಲೇ ಅರ್ಜಿ ಕೊಟ್ಟು ಗುರುತಿನ ಸಂಖ್ಯೆ ಪಡೆಯಬೇಕು, ಪ್ರತಿ ವರ್ಷ ಡಿಸೆಂಬರ್ 31ರೊಳಗೆ ವರದಿ ಸಲ್ಲಿಸಬೇಕು. ಉತ್ಸಾಹದಲ್ಲಿ ಅಲ್ಲೇ ಕುಳಿತು ಮೊಬೈಲ್‌ನಲ್ಲಿ ಕಂಪನಿ ನೋಂದಾಯಿಸಿ ಬಂದು, ಆಮೇಲೆ ದಂಡದ ಪ್ರಕ್ರಿಯೆಯಲ್ಲಿ ಸಿಕ್ಕಿಕೊಂಡವರಿದ್ದಾರೆ. ಹೊರಡುವ ಮುನ್ನ ವಿದೇಶಿ ವಿನಿಮಯ ಬಲ್ಲ ಲೆಕ್ಕಪರಿಶೋಧಕರನ್ನು ಒಮ್ಮೆ ಕಾಣಿ. ಈ ಭೇಟಿಯಲ್ಲಿ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಏನು ಒಯ್ಯಬೇಕು ಎಂದು ಕೇಳಿದ್ದೀರಿ. ಏನು ಒಯ್ಯಬಾರದು ಎಂಬುದು ಅದಕ್ಕಿಂತ ಮುಖ್ಯ. ತೋಟದಲ್ಲಿ ಕಟ್ಟಿದ್ದ ಸಾಧನವನ್ನು ದಯವಿಟ್ಟು ಒಯ್ಯಬೇಡಿ. ಒಂದು ಕಡೆ ಆಂಡಿಸ್ ಪರ್ವತ, ಒಂದು ಕಡೆ ಸಾಗರ, ಉತ್ತರಕ್ಕೆ ಅಟಕಾಮಾ ಮರುಭೂಮಿ. ಈ ಗೋಡೆಗಳ ನಡುವೆ ಎಷ್ಟೋ ರೋಗ ಕೀಟಗಳಿಂದ ದೂರ ಉಳಿದ ದೇಶ ಅದು. ಅಲ್ಲಿನ ಕೃಷಿ ತಪಾಸಣಾ ಸಂಸ್ಥೆ ‘ಸಾಗ್’ ವಿಮಾನ ನಿಲ್ದಾಣದಲ್ಲೇ ಪ್ರತಿಯೊಬ್ಬರಿಂದ ಘೋಷಣೆ ಬರೆಸಿಕೊಂಡು ಚೀಲ ತಪಾಸಿಸುತ್ತದೆ, ಮುಚ್ಚಿಟ್ಟರೆ ದಂಡ ಹಾಕುತ್ತದೆ. ಎರಡು ಮಳೆಗಾಲ ಗೊನೆಗೆ ಅಂಟಿಕೊಂಡಿದ್ದ ಪೆಟ್ಟಿಗೆಯ ಸಂದಿಯಲ್ಲಿ ಒಂದು ಚಿಟಿಕೆ ಮಣ್ಣಿದ್ದರೂ ಸಾಕು, ನಮ್ಮ ಫೈಟೊಫ್ತೊರಾವನ್ನು ಅಲ್ಲಿಗೆ ಕಳಿಸುವ ಅಪರಾಧ ನಿಮ್ಮದಾದೀತು. ಹೊಸದಾಗಿ ಜೋಡಿಸಿದ, ತೋಟ ಕಾಣದ ಎರಡು ಸಾಧನ ಒಯ್ಯಿರಿ. ತೋಟದ ಬೂಟು ಮನೆಯಲ್ಲೇ ಇರಲಿ. ಅಡಿಕೆಯ ಮಾದರಿ, ಜೇನುತುಪ್ಪ, ಅಮ್ಮ ಕಟ್ಟಿಕೊಡುವ ಅಪ್ಪೆಮಿಡಿಯ ಭರಣಿ, ಎಲ್ಲವೂ ಊರಲ್ಲೇ ಇರಲಿ. ತಿಂಡಿಯ ಪೊಟ್ಟಣ ಒಂದು ಚೀಲದಲ್ಲಿ ಉಳಿದಿದ್ದರೂ ಘೋಷಣೆಯಲ್ಲಿ ‘ಇದೆ’ ಎಂದು ಬರೆಯಿರಿ. ಬರೆದು ತೋರಿಸಿದರೆ ಹೆಚ್ಚೆಂದರೆ ಅದನ್ನು ತೆಗೆದುಕೊಳ್ಳುತ್ತಾರೆ, ಅಷ್ಟೇ.

ಇನ್ನೊಂದು ತಾಂತ್ರಿಕ ಮಾತು. ನಿಮ್ಮ ಸಾಧನ ದೂರಕ್ಕೆ ಅಂಕಿ ಕಳಿಸುವ ಲೋರಾ ಎಂಬ ರೇಡಿಯೊದಲ್ಲಿ ಕೆಲಸ ಮಾಡುತ್ತಿದ್ದರೆ, ಭಾರತದ ಮುಕ್ತ ತರಂಗಾಂತರ 865ರಿಂದ 868 ಮೆಗಾಹರ್ಟ್ಸ್. ಚಿಲಿಯಲ್ಲಿ ಬಳಕೆಯಾಗುವುದು 915ರಿಂದ ಮೇಲಿನದು. ಇಲ್ಲಿನ ರೇಡಿಯೊವನ್ನು ಅಲ್ಲಿ ಚಾಲೂ ಮಾಡಬೇಡಿ, ಆ ಮಾಡ್ಯೂಲ್ ಬದಲಿಸಿ ಅಥವಾ ಅಂಕಿಯನ್ನು ಮೆಮೊರಿ ಕಾರ್ಡಿನಲ್ಲಿ ಬರೆದುಕೊಳ್ಳುವ ಹಾಗೆ ಮಾಡಿ. ಬಿಡಿ ಲಿಥಿಯಂ ಬ್ಯಾಟರಿ ಕೈಚೀಲದಲ್ಲೇ ಇರಬೇಕು. ಹೊರಡುವಾಗ ವಿಮಾನ ನಿಲ್ದಾಣದ ಕಸ್ಟಮ್ಸ್‌ನಲ್ಲಿ ಸಾಧನಗಳನ್ನು ತೋರಿಸಿ ರಫ್ತು ಪ್ರಮಾಣಪತ್ರ ಪಡೆದರೆ ವಾಪಸು ಬರುವಾಗ ಸುಂಕದ ತಕರಾರು ಇರುವುದಿಲ್ಲ. ಮುಂದೆ ದೊಡ್ಡ ಯಂತ್ರ ಒಯ್ಯುವ ಕಾಲ ಬಂದರೆ ವಾಣಿಜ್ಯೋದ್ಯಮಿಗಳ ಒಕ್ಕೂಟವಾದ ಫಿಕ್ಕಿ ಕೊಡುವ ‘ಎಟಿಎ ಕಾರ್ನೆ’ ಎಂಬ ದಸ್ತಾವೇಜು ಇದೆ, ಪ್ರದರ್ಶನಕ್ಕೆ ಒಯ್ದು ಮರಳಿ ತರುವ ವಸ್ತುಗಳಿಗೆ ಅದು ಒಂದು ವರ್ಷ ಸಲ್ಲುತ್ತದೆ. ಎರಡು ಪೆಟ್ಟಿಗೆಗೆ ಅಷ್ಟೆಲ್ಲ ಬೇಡ.

ಕಾಲ: ನವೆಂಬರ್ ಕೊನೆಯಿಂದ ಡಿಸೆಂಬರ್ ಮಧ್ಯದೊಳಗೆ. ಸೆಪ್ಟೆಂಬರ್ 18, 19 ಅವರ ರಾಷ್ಟ್ರೀಯ ಹಬ್ಬ, ಆ ವಾರ ಯಾರೂ ಸಿಗುವುದಿಲ್ಲ. ಫೆಬ್ರುವರಿ ಅವರಿಗೆ ಬೇಸಿಗೆ ರಜೆಯ ತಿಂಗಳು, ಕಚೇರಿಗಳು ಖಾಲಿ. ಡಿಸೆಂಬರ್ ಹೊತ್ತಿಗೆ ದಕ್ಷಿಣದ ಹೊಲದಲ್ಲಿ ಆಲೂಗಡ್ಡೆ ಗಿಡ ಎದ್ದಿರುತ್ತದೆ, ನಿಮ್ಮ ಕೈಯಲ್ಲಿ ಆಗಷ್ಟೇ ಮುಗಿದ ಮಳೆಗಾಲದ ಅಂಕಿ ಇರುತ್ತದೆ. ತೊಡಕೆಂದರೆ ಅದು ನಮ್ಮ ಅಡಿಕೆ ಕೊಯ್ಲಿನ ಕಾಲ. ಹಾಗಾಗಿ ಇಬ್ಬರೂ ಹೋಗುವುದು ಬೇಡ. ಸಾಧನ ಬಿಚ್ಚಿ ಜೋಡಿಸಬಲ್ಲವರು ಹೋಗಲಿ, ಇನ್ನೊಬ್ಬರು ಗೊನೆ ಕೊಯ್ಲು ನಡೆಸಲಿ. ಒಬ್ಬರ ಖರ್ಚು ಉಳಿಯಿತು ಎಂದು ಅಪ್ಪಯ್ಯನವರಿಗೆ ತಿಳಿಸಿ. ಆ ತಿಂಗಳುಗಳಲ್ಲಿ ನಾವು ಅವರಿಗಿಂತ ಎಂಟೂವರೆ ಗಂಟೆ ಮುಂದಿರುತ್ತೇವೆ. ಸಂಜೆ ಇಲ್ಲಿ ಅಡಿಕೆ ಸುಲಿಯುವಾಗ ಅಲ್ಲಿ ಬೆಳಗು, ಮಾತನಾಡುವುದಕ್ಕೆ ಅನುಕೂಲ.

ಚಿಲಿಯೊಂದೇ ಅಲ್ಲ ಎಂಬುದನ್ನೂ ತಿಳಿದಿರಿ. ದಕ್ಷಿಣ ಕೊರಿಯಾ 2016ರಿಂದ ‘ಕೆ ಸ್ಟಾರ್ಟ್‌ಅಪ್ ಗ್ರ್ಯಾಂಡ್ ಚಾಲೆಂಜ್’ ನಡೆಸುತ್ತಿದೆ. ಅವರಿಗೆ ಬೇಕಾದದ್ದು ಹೊರಗಿನ ತಂಡ ಕೊರಿಯಾದಲ್ಲಿ ಕಂಪನಿ ತೆರೆದು, ಅಲ್ಲಿನ ದೊಡ್ಡ ಕಂಪನಿಗಳ ಜೊತೆ ಕೆಲಸ ಮಾಡುವುದು. ನಿಮ್ಮ ಸಾಧನಕ್ಕೆ ಅದು ಅಷ್ಟಾಗಿ ಒಗ್ಗದು. ನಮ್ಮ ರಾಜ್ಯದ ‘ಎಲಿವೇಟ್’ ಯೋಜನೆ 50 ಲಕ್ಷ ರೂಪಾಯಿವರೆಗೆ, ಅದೂ ಪಾಲು ಕೇಳದೆ, ಕೊಡುತ್ತದೆ. ಹಾಸನದ ಪ್ರಯೋಗಕ್ಕೆ ದುಡ್ಡು ಬೇಕಲ್ಲವೇ, ಈ ಅರ್ಜಿಯನ್ನು ಚಿಲಿಯದಕ್ಕಿಂತ ಮೊದಲು ಹಾಕಿ. ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ಸಸ್ಯರೋಗ ತಜ್ಞರಿಂದ ನಿಮ್ಮ ಅಂಕಿಗಳ ಮೇಲೆ ಒಂದು ಪುಟದ ಅಭಿಪ್ರಾಯ ಬರೆಸಿಕೊಂಡರೆ ಎರಡೂ ಕಡೆ ಉಪಯೋಗಕ್ಕೆ ಬರುತ್ತದೆ.

ಒಸೋರ್ನೊಗೆ ಹೋದ ಮೇಲೆ ಒಂದು ಕೆಲಸವನ್ನು ತಪ್ಪಿಸಬೇಡಿ. ಬೆಳಿಗ್ಗೆ, ಇಬ್ಬನಿ ಆರುವ ಮೊದಲು, ರೈತರ ಅನುಮತಿ ಪಡೆದು ಹೊಲಕ್ಕೆ ಇಳಿಯಿರಿ. ಕಂದು ಮಚ್ಚೆ ಬಿದ್ದ ಎಲೆಯ ಕೆಳಮೈ ತಿರುಗಿಸಿ ನೋಡಿ. ಮಚ್ಚೆಯ ಅಂಚಿನಲ್ಲಿ ಬಿಳಿಯ ನವುರಾದ ಬೂಸಲು ಕಾಣುತ್ತದೆ, ಆಷಾಢದಲ್ಲಿ ಉದುರಿದ ಕಾಯಿಯ ಮೇಲೆ ನೀವು ನೋಡಿದ್ದರ ಹಾಗೆಯೇ. ಬಿಸಿಲೇರಿದರೆ ಅದು ಕಾಣಿಸುವುದಿಲ್ಲ. ಎಷ್ಟು ಗಂಟೆಗೆ ಕಂಡಿತು, ಎಷ್ಟು ಗಂಟೆಗೆ ಮಾಯವಾಯಿತು ಎಂದು ಬರೆದಿಟ್ಟುಕೊಳ್ಳಿ. ಎಲೆ ಕೀಳಬೇಡಿ, ಚಿತ್ರ ತೆಗೆದುಕೊಂಡರೆ ಸಾಕು. ಕೈ ತೊಳೆದು, ಬೂಟಿನ ಅಡಿಯನ್ನು ಉಜ್ಜಿ ತೊಳೆದು ಬಸ್ಸು ಹತ್ತಿ.